ಮೊದಲ ಮಾತು ಯಾರದು?

ವಿದ್ಯೆಯನ್ನು ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಇರುವ ಸೇತುವೆ ಮಾತು. ಗ್ರಂಥಗಳೆಷ್ಟಿದ್ದರೂ, ಉಪಕರಣಗಳೆಷ್ಟಿದ್ದರೂ, ಒಬ್ಬನು ಕೇಳಬೇಕು, ಮತ್ತೊಬ್ಬನು ಹೇಳಬೇಕು. ಆಗಲೇ ವಿದ್ಯೆಯು ಒಂದು ಮನಸ್ಸಿನಿಂದ ಇನ್ನೊಂದಕ್ಕೆ ದಾಟುವುದು. ಕೇಳುವುದು ಶಿಷ್ಯನ ಧರ್ಮ, ಹೇಳುವುದು ಗುರುವಿನ ಧರ್ಮ ಎಂದು ನಾವೆಲ್ಲರೂ ಬಾಲ್ಯದಿಂದಲೂ ತಿಳಿದು ಬಂದಿದ್ದೇವೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯವೂ ಜ್ಞಾನಾರ್ಜನೆಯ ಉಪಾಯಗಳಲ್ಲಿ ನಮಸ್ಕಾರ ಸೇವೆಗಳೊಡನೆ ಪ್ರಶ್ನೆಯನ್ನು ಎಣಿಸಿದೆ. ಆದರೆ ಕೇಳಲು ಬಾರದ ಶಿಷ್ಯನ ಗತಿಯೇನು? ಏನನ್ನು ಕೇಳಬೇಕೆಂಬುದನ್ನೇ ಅರಿಯದವನು, ಕೇಳಬಹುದೆಂಬುದನ್ನೇ ಅರಿಯದವನು, ಕೇಳಿದರೆ ನಗೆಗೀಡಾದೇನೆಂದು ಅಂಜುವವನು, ಇಂಥವನು ಸುಮ್ಮನೆ ಕುಳಿತಿರುವಾಗ ಗುರುವೂ ಸುಮ್ಮನಿದ್ದರೆ, ಆ ಎರಡು ಮೌನಗಳಲ್ಲಿ ದೋಷವು ಯಾವುದರದು? ಪ್ರಕೃತ ಲೇಖನದಲ್ಲಿ ವಿಚಾರಿಸಬೇಕೆಂದಿರುವ ವಿಷಯವು ಇಷ್ಟೆ.

ಈ ಪ್ರಶ್ನೆಯು ಎಲ್ಲ ವಿದ್ಯೆಗಳಿಗೂ ಅನ್ವಯಿಸುವುದಾದರೂ ವಿಜ್ಞಾನದ ವಿಷಯದಲ್ಲಿ ಇದಕ್ಕೆ ಹೆಚ್ಚಿನ ತೂಕವುಂಟು. ವಿಜ್ಞಾನದಲ್ಲಿ ಬರೆದ ಭಾಗವೊಂದು, ಬರೆಯದ ಭಾಗವೊಂದು. ನ್ಯೂಟನ್ನನ ನಿಯಮಗಳು ಪುಸ್ತಕದಲ್ಲಿವೆ. ಯಾರು ಬೇಕಾದರೂ ಓದಬಹುದು. ಆದರೆ ಪ್ರಯೋಗವು ಕೆಟ್ಟರೆ ಅದನ್ನು ಮುಚ್ಚಿಡದೆ ಹಾಗೆಯೇ ಬರೆದಿಡಬೇಕೆಂಬುದು, ಅಧ್ಯಾಪಕರ ಅಭಿಪ್ರಾಯವನ್ನು ವಿನಯದಿಂದ ಅಲ್ಲಗಳೆಯುವುದು ಅವಿಧೇಯತೆಯಲ್ಲವೆಂಬುದು, ಯಾವ ಪರೀಕ್ಷೆಯು ಯಾವ ಬಾಗಿಲನ್ನು ತೆರೆಯುವುದೆಂಬುದು, ವಿದ್ಯಾರ್ಥಿವೇತನಕ್ಕೆ ಯಾವಾಗ ಅರ್ಜಿ ಹಾಕಬೇಕೆಂಬುದು, ಪರಿಚಯವಿಲ್ಲದ ವಿದ್ವಾಂಸರಿಗೂ ಪತ್ರ ಬರೆಯಬಹುದೆಂಬುದು, ಇವುಗಳು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಇವು ಬಾಯಿಂದ ಬಾಯಿಗೆ ಬರತಕ್ಕವು. ಹೇಳುವ ಬಾಯಿ ಮನೆಯಲ್ಲಿದ್ದವನಿಗೆ ಇವು ಊಟದ ಪಂಕ್ತಿಯಲ್ಲಿಯೇ ದೊರೆಯುವುವು. ಇಲ್ಲದವನಿಗೆ ಇವು ಇವೆಯೆಂಬ ಸಂಗತಿಯೂ ತಿಳಿಯದು.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯನ್ನೇ ನೋಡಬಹುದು. ಇಲ್ಲಿನ ಅಡಕೆ ತೋಟದ ಎಷ್ಟೋ ಮನೆಗಳಲ್ಲಿ ಚಿಕ್ಕಪ್ಪನೊಬ್ಬನು ಬೆಂಗಳೂರಿನಲ್ಲಿ ಎಂಜಿನಿಯರನಾಗಿರುವನು, ಅತ್ತೆಯ ಮಗಳೊಬ್ಬಳು ಪರದೇಶದ ಪ್ರಯೋಗಶಾಲೆಯಲ್ಲಿರುವಳು. ಹಬ್ಬಕ್ಕೆ ಬಂದವರು ಜಗಲಿಯಲ್ಲಿ ಕುಳಿತು ಆಡುವ ಮಾತುಗಳನ್ನು ಕೇಳುತ್ತಲೇ ಆ ಮನೆಯ ಹುಡುಗನು ಅರ್ಧ ದಾರಿಯನ್ನು ನಡೆದಿರುವನು. ಅದೇ ಯಲ್ಲಾಪುರದ ಕಾಡಿನಂಚಿನ ಸಿದ್ದಿ ಕೇರಿಯಿಂದಲೋ, ತೋಟದ ಆಳಿನ ಗುಡಿಸಲಿನಿಂದಲೋ ಒಬ್ಬ ಹುಡುಗಿಯು ತನ್ನ ವಂಶದಲ್ಲಿಯೇ ಮೊದಲನೆಯವಳಾಗಿ ವಿಜ್ಞಾನದ ತರಗತಿಗೆ ಬಂದು ಕುಳಿತಳೆನ್ನಿ. ಆಕೆಯು ಹತ್ತು ವರ್ಷ ಕಲಿತದ್ದು ಕನ್ನಡದಲ್ಲಿ. ಈಗ ಪಾಠವು ಇಂಗ್ಲಿಷಿನಲ್ಲಿ. ಆಕೆಯ ಮೌನವನ್ನು ಅಧ್ಯಾಪಕರು ಮಂದಬುದ್ಧಿಯೆಂದು ಓದುವರು, ಸಹಪಾಠಿಗಳು ನಾಚಿಕೆಯೆಂದು ಓದುವರು, ಆಕೆಯೇ ಅದನ್ನು ತನ್ನ ಅಯೋಗ್ಯತೆಯೆಂದು ಓದಿಕೊಳ್ಳುವಳು. ಒಂದೇ ಮೌನಕ್ಕೆ ಮೂರು ಅರ್ಥ, ಮೂರೂ ತಪ್ಪು. ಶತಮಾನಗಳ ಹಿಂದೆ ಆಫ್ರಿಕದಿಂದ ಪಶ್ಚಿಮ ಕರಾವಳಿಗೆ ತರಲ್ಪಟ್ಟವರ ಸಂತತಿಯಾದ ಸಿದ್ದಿ ಜನರನ್ನು ೨೦೦೩ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದರು. ಅದರಿಂದ ಕಾನೂನಿನ ಬಾಗಿಲು ತೆರೆಯಿತು. ಆದರೆ ಕಾನೂನು ತೆರೆಯುವ ಬಾಗಿಲೇ ಬೇರೆ, ಬಾಯಿ ತೆರೆಯಬೇಕಾದ ಬಾಗಿಲೇ ಬೇರೆ.

ಈ ಮಾತನ್ನು ವಿಶದಪಡಿಸಲು ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ಎತ್ತಿಕೊಳ್ಳೋಣ. ೧೯೩೩ರಲ್ಲಿ ಮುಂಬಯಿಯ ಕಮಲಾ ಭಾಗವತ್ ಎಂಬ ತರುಣಿಯು ರಸಾಯನಶಾಸ್ತ್ರ ಭೌತಶಾಸ್ತ್ರಗಳಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿಯನ್ನು ಪಡೆದು, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಲು ಅರ್ಜಿ ಹಾಕಿದರು. ಅದೇ ವರ್ಷ ಆ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದ ಸರ್ ಸಿ. ವಿ. ರಾಮನ್ನರು ಅರ್ಜಿಯನ್ನು ತಳ್ಳಿಹಾಕಿದರು. ಅರ್ಜಿದಾರಳು ಹೆಣ್ಣೆಂಬುದೇ ಕಾರಣ. ಕಮಲಾ ಅವರು ಹಿಂದಿರುಗಲಿಲ್ಲ. ನಿರ್ದೇಶಕರ ಬಾಗಿಲಿನಲ್ಲಿಯೇ ಸತ್ಯಾಗ್ರಹ ಹೂಡಿದರು. ಕಡೆಗೆ ರಾಮನ್ನರು ಒಪ್ಪಿದರು, ಆದರೆ ಷರತ್ತುಗಳ ಮೇಲೆ: ಮೊದಲ ವರ್ಷ ಆಕೆಯು ಪೂರ್ಣ ವಿದ್ಯಾರ್ಥಿನಿಯಲ್ಲ, ಕೆಲಸವು ತಮಗೆ ತೃಪ್ತಿಕರವೆಂದು ಕಂಡಮೇಲೆಯೇ ಮಾನ್ಯತೆ, ಆಕೆಯ ಇರವಿನಿಂದ ಗಂಡು ವಿದ್ಯಾರ್ಥಿಗಳ ಮನಸ್ಸು ಕೆಡಬಾರದು. ಆಕೆಯು ಎಲ್ಲಕ್ಕೂ ಒಪ್ಪಿ, ಶ್ರೀನಿವಾಸಯ್ಯನವರೆಂಬ ಅಧ್ಯಾಪಕರ ಕೈಕೆಳಗೆ ಹಾಲು, ಬೇಳೆಕಾಳುಗಳ ಸಸಾರಜನಕ ಪದಾರ್ಥಗಳ ಮೇಲೆ ಕೆಲಸ ಮಾಡಿದರು. ವರ್ಷ ಕಳೆಯಲು ರಾಮನ್ನರು ತೃಪ್ತರಾದರು. ಅಲ್ಲಿಂದ ಮುಂದೆ ಸ್ತ್ರೀಯರಿಗೂ ಸಂಸ್ಥೆಯಲ್ಲಿ ಪ್ರವೇಶ ದೊರೆಯಿತು. ಕಮಲಾ ಅವರು ಮುಂದೆ ಕೇಂಬ್ರಿಜ್ಜಿಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ದ್ರವ್ಯವಿರುವುದನ್ನು ತೋರಿಸಿ, ೧೯೩೯ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಮದುವೆಯಾದಮೇಲೆ ಕಮಲಾ ಸೊಹೋನಿ ಎಂದು ಖ್ಯಾತರಾದ ಇವರು, ರಾಮನ್ನರು ಮಹಾವಿಜ್ಞಾನಿಗಳಾದರೂ ಈ ವಿಷಯದಲ್ಲಿ ಸಂಕುಚಿತ ಮನಸ್ಸಿನವರಾಗಿದ್ದರೆಂಬುದನ್ನು ಮುಪ್ಪಿನಲ್ಲಿಯೂ ಮರೆಯದೆ ಹೇಳಿದರು.

ಈ ಕಥೆಯನ್ನು ಧೈರ್ಯದ ಕಥೆಯೆಂದು ಹೇಳುವುದು ವಾಡಿಕೆ. ಅದು ನಿಜವೂ ಹೌದು. ಆದರೆ ಅದರಲ್ಲಿ ಇನ್ನೊಂದು ಅಂಶವನ್ನು ಗಮನಿಸತಕ್ಕದ್ದಿದೆ. ಕಮಲಾ ಅವರ ತಂದೆ, ದೊಡ್ಡಪ್ಪ ಚಿಕ್ಕಪ್ಪಂದಿರ ಮನೆತನವು ರಸಾಯನಶಾಸ್ತ್ರಜ್ಞರ ಮನೆತನ. ತಂದೆಯವರು ಅದೇ ಬೆಂಗಳೂರಿನ ಸಂಸ್ಥೆಯಲ್ಲಿ ಓದಿದವರು. ಆ ಬಾಗಿಲಿನ ಹಿಂದೆ ಇರುವವರೂ ಮನುಷ್ಯರೇ, ಅವರೊಡನೆ ವಾದಿಸಬಹುದು, ಬೇಡವೆಂದುದನ್ನು ಹೌದೆನ್ನಿಸಬಹುದು ಎಂಬ ತಿಳಿವು ಆಕೆಗೆ ಮನೆಯಿಂದಲೇ ಬಂದಿತ್ತು. ಅಂಥ ಮನೆಯಿಲ್ಲದ ಇನ್ನೊಬ್ಬ ಹುಡುಗಿಯು ಅದೇ ಉತ್ತರವನ್ನು ಪಡೆದಿದ್ದರೆ ಏನು ಮಾಡುತ್ತಿದ್ದಳು? ಪತ್ರವನ್ನು ಮಡಿಸಿಟ್ಟು ಸುಮ್ಮನಾಗುತ್ತಿದ್ದಳು. ಸತ್ಯಾಗ್ರಹ ಮಾಡಿದವಳ ಹೆಸರು ಚರಿತ್ರೆಯಲ್ಲಿ ಉಳಿಯುವುದು. ಪತ್ರವನ್ನು ಮಡಿಸಿಟ್ಟವಳ ಹೆಸರು ಎಲ್ಲಿಯೂ ಉಳಿಯದು. ಕೇಳಿ ಪಡೆಯುವುದೇ ನಿಯಮವಾದಲ್ಲಿ, ಕೇಳುವ ಶಕ್ತಿಯನ್ನು ಮೊದಲೇ ಪಡೆದವರಿಗೆ ಮಾತ್ರ ಪಡೆಯುವ ಯೋಗ. ಇದು ನ್ಯಾಯವೆಂದು ಯಾರು ಹೇಳಿಯಾರು?

ಬಾಗಿಲು ದಾಟಿದಮೇಲೆಯೂ ಹೇಳದ ಮಾತಿನ ಕಷ್ಟವು ಮುಗಿಯುವುದಿಲ್ಲ. ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅಣ್ಣಾ ಮಣಿಯವರು ೧೯೪೦ರಲ್ಲಿ ಬೆಂಗಳೂರಿಗೆ ಬಂದು, ರಾಮನ್ನರ ಪ್ರಯೋಗಶಾಲೆಯಲ್ಲಿಯೇ ವಜ್ರ ಮಾಣಿಕ್ಯಗಳು ಬೆಳಕನ್ನು ಹೇಗೆ ಹೀರಿ ಹೇಗೆ ಸೂಸುವುವೆಂಬುದನ್ನು ಹಗಲಿರುಳು ಪರೀಕ್ಷಿಸಿ ಐದು ಲೇಖನಗಳನ್ನು ಪ್ರಕಟಿಸಿದರು. ೧೯೪೫ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಮುಂದೆ ಅವರು ಭಾರತದ ಹವಾಮಾನ ಇಲಾಖೆಯಲ್ಲಿ ಬಹು ಎತ್ತರದ ಪದವಿಗೇರಿದರೆಂಬುದು ಸಮಾಧಾನದ ಮಾತು. ಆದರೂ ಇಂಥ ಪ್ರಸಂಗಗಳನ್ನು ಕೇಳಿದಾಗ ಒಂದು ಪ್ರಶ್ನೆಯು ಏಳದಿರದು. ನಿಯಮವನ್ನು ಬಲ್ಲವರ ನಡುವೆ ಒಬ್ಬ ವಿದ್ಯಾರ್ಥಿಯು ಐದು ವರ್ಷ ದುಡಿಯುತ್ತಿರುವಾಗ, ಕಡೆಯಲ್ಲಿ ಬಾಗಿಲು ಮುಚ್ಚಿರುವುದೆಂಬುದನ್ನು ಮೊದಲಲ್ಲಿಯೇ ನೋಡಿ ಹೇಳಿ, ಅದನ್ನು ತೆರೆಯಿಸುವ ಭಾರವು ಯಾರದು? ಹೊಸದಾಗಿ ಬಂದವಳದೋ, ಬಹುಕಾಲದಿಂದ ಒಳಗಿದ್ದವರದೋ?

ನಮ್ಮ ಪೂರ್ವಿಕರು ಈ ವಿಷಯವನ್ನು ಆಲೋಚಿಸದೆ ಬಿಡಲಿಲ್ಲ. ಛಾಂದೋಗ್ಯೋಪನಿಷತ್ತಿನ ಸತ್ಯಕಾಮ ಜಾಬಾಲನ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ತಂದೆಯ ಗೋತ್ರವನ್ನರಿಯದ ಹುಡುಗನು ಗೌತಮನ ಬಳಿಗೆ ಬಂದನು. ಗುರುವು ಗೋತ್ರವೇನೆಂದು ಕೇಳಿದನು. ಹುಡುಗನು ತಾಯಿ ಹೇಳಿದುದನ್ನು ಇದ್ದಂತೆಯೇ ಹೇಳಿದನು. ಗುರುವು ಆ ಸತ್ಯವನ್ನೇ ಗೋತ್ರವೆಂದು ಬಗೆದು ಸ್ವೀಕರಿಸಿದನು. ಇಷ್ಟನ್ನು ನಾವು ಮೆಚ್ಚಿ ಹೇಳಿಕೊಳ್ಳುತ್ತೇವೆ. ಆದರೆ ಅದೇ ಅಧ್ಯಾಯದಲ್ಲಿ ಮುಂದೆ ಬರುವ ಕಥೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಕಾಲಕ್ರಮದಲ್ಲಿ ಸತ್ಯಕಾಮನೇ ಗುರುವಾದನು. ಉಪಕೋಸಲನೆಂಬ ಶಿಷ್ಯನು ಹನ್ನೆರಡು ವರ್ಷ ಅವನ ಅಗ್ನಿಗಳನ್ನು ಕಾಯ್ದನು. ಸತ್ಯಕಾಮನು ಉಳಿದ ಶಿಷ್ಯರಿಗೆ ವಿದ್ಯೆಯನ್ನು ಮುಗಿಸಿ ಮನೆಗೆ ಕಳುಹಿಸಿದನು. ಇವನಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಆಚಾರ್ಯಪತ್ನಿಯು, “ಈ ಹುಡುಗನು ಚೆನ್ನಾಗಿ ಸೇವೆ ಮಾಡಿದ್ದಾನೆ, ಇವನಿಗೆ ಉಪದೇಶಿಸಿ” ಎಂದು ನೆನಪು ಕೊಟ್ಟಳು. ಆದರೂ ಅವನು ಮಾತನಾಡದೆ ಪ್ರವಾಸ ಹೊರಟುಹೋದನು. ಉಪಕೋಸಲನು ದುಃಖದಿಂದ ಊಟವನ್ನು ಬಿಟ್ಟನು. ಆ ತಾಯಿಯೇ ಬಂದು ಏಕೆ ಉಣ್ಣಲೊಲ್ಲೆಯೆಂದು ಕೇಳಿದಾಗ, ತನ್ನ ಮನಸ್ಸು ವ್ಯಾಧಿಗಳಿಂದ ತುಂಬಿದೆಯೆಂದನೇ ಹೊರತು ಗುರುವನ್ನು ದೂರಲಿಲ್ಲ. ಕಡೆಗೆ ಅವನು ಕಾಯ್ದ ಅಗ್ನಿಗಳೇ ಕನಿಕರಗೊಂಡು ಅವನಿಗೆ ಉಪದೇಶಿಸಿದುವು. ಉಳಿದುದನ್ನು ಗುರುವು ಹಿಂದಿರುಗಿದಮೇಲೆ ಹೇಳಿದನು.

ಈ ಎರಡು ಕಥೆಗಳನ್ನು ಉಪನಿಷತ್ತು ಅಕ್ಕಪಕ್ಕದಲ್ಲಿಟ್ಟಿರುವುದು ವಿಚಾರಕ್ಕೆ ಅರ್ಹವಾಗಿದೆ. ಬಾಗಿಲಲ್ಲಿ ಒಂದು ನ್ಯಾಯವಾದ ಮಾತಿನಿಂದ ಒಳಗೆ ಬಂದವನೇ, ತನ್ನ ಬಾಗಿಲಲ್ಲಿದ್ದವನಿಗೆ ಮಾತನ್ನು ಕೊಡದೆ ಹೋದನು. ಸತ್ಯಕಾಮನು ತಾನು ಕಾಡಿನಲ್ಲಿ ಹಸುಗಳನ್ನು ಕಾಯುತ್ತ, ಎತ್ತಿನಿಂದ, ಬೆಂಕಿಯಿಂದ, ಹಕ್ಕಿಗಳಿಂದ ಕಲಿತವನು. ಎಲ್ಲರೂ ಹಾಗೆಯೇ ಕಲಿಯಲೆಂದು ಬಗೆದನೋ ಏನೋ. ಇಂದಿಗೂ ಕಷ್ಟದಿಂದ ಮೇಲೆ ಬಂದ ವಿದ್ವಾಂಸರಲ್ಲಿ ಕೆಲವರು, “ನನಗೆ ಯಾರು ಹೇಳಿಕೊಟ್ಟಿದ್ದರು?” ಎಂದು ಸುಮ್ಮನಿರುವುದುಂಟು. ತಾನು ಮುಳ್ಳಿನ ದಾರಿಯಲ್ಲಿ ನಡೆದೆನೆಂಬುದು, ಆ ದಾರಿಯಲ್ಲಿ ಮುಳ್ಳನ್ನು ಉಳಿಸಲು ಕಾರಣವಾಗಲಾರದು. ಉಪಕೋಸಲನ ಮೌನವನ್ನೂ ನೋಡಿರಿ: ಅವನು ಕೇಳಲಿಲ್ಲ, ಊಟ ಬಿಟ್ಟನು. ಹಿಂದುಳಿದ ಮನೆಯಿಂದ ಬಂದ ವಿದ್ಯಾರ್ಥಿಯು ದೂರುವುದಿಲ್ಲ. ಒಂದು ದಿನ ತರಗತಿಗೆ ಬರುವುದನ್ನು ಬಿಡುವನು. ಆಗ ನಾವು, ಅವನಿಗೆ ಆಸಕ್ತಿಯಿರಲಿಲ್ಲ ಎನ್ನುತ್ತೇವೆ.

ಇದಕ್ಕೆ ಪ್ರತಿಯಾಗಿ ಕೆಲವು ಆಕ್ಷೇಪಗಳು ಬರುವುದು ಸಹಜ. ಮೌನವೂ ಉಪದೇಶವೇ ಅಲ್ಲವೆ, ದಕ್ಷಿಣಾಮೂರ್ತಿಯು ಮೌನದಿಂದಲೇ ಶಿಷ್ಯರ ಸಂಶಯಗಳನ್ನು ಕಳೆಯಲಿಲ್ಲವೆ ಎನ್ನಬಹುದು. ಕಳೆದನು, ಆದರೆ ಆಲದ ಮರದ ಕೆಳಗೆ ಕುಳಿತಿದ್ದ ಆ ಶಿಷ್ಯರು ವೃದ್ಧರಾದ ಋಷಿಗಳು. ಪ್ರಶ್ನೆಯು ಅವರಲ್ಲಿ ಆಗಲೇ ಹಣ್ಣಾಗಿತ್ತು. ಹಣ್ಣಾದುದಕ್ಕೆ ಮೌನವು ಸಾಕು, ಮೊಳಕೆಗೆ ನೀರು ಬೇಕು. ಇನ್ನು ಕೆಲವರು, ಎಲ್ಲವನ್ನೂ ಹೇಳಿಕೊಟ್ಟರೆ ಶಿಷ್ಯನು ಪರಾವಲಂಬಿಯಾಗುವನೆನ್ನುವರು. ಇಲ್ಲಿ ಎರಡನ್ನು ಬೇರ್ಪಡಿಸಬೇಕು. ಲೆಕ್ಕವನ್ನು ಬಿಡಿಸಿಕೊಡುವುದು ಬೇರೆ, ಲೆಕ್ಕವನ್ನು ಎಲ್ಲಿ ಯಾವಾಗ ಒಪ್ಪಿಸಬೇಕೆಂದು ಹೇಳುವುದು ಬೇರೆ. ಮೊದಲನೆಯದು ಅವನ ಕೆಲಸವನ್ನು ಕಸಿಯುವುದು. ಎರಡನೆಯದು ಅವನಿಗೆ ಕೆಲಸ ಮಾಡಲು ಸ್ಥಳ ಕೊಡುವುದು. ಮತ್ತೆ ಕೆಲವರು, ಒಬ್ಬನಿಗೆ ಹೆಚ್ಚಾಗಿ ಹೇಳುವುದು ಪಕ್ಷಪಾತವಲ್ಲವೆ ಎನ್ನುವರು. ಆದರೆ ಉಳಿದವರಿಗೆ ಆ ಮಾತುಗಳು ಮನೆಯಲ್ಲಿ ಆಗಲೇ ಸಂದಿವೆ. ಸಂದವನಿಗೂ ಸಲ್ಲದವನಿಗೂ ಸಮನಾಗಿ ಸುಮ್ಮನಿರುವುದು ಸಮತ್ವದಂತೆ ಕಂಡರೂ ಸಮತ್ವವಲ್ಲ.

ಆದುದರಿಂದ ಮೊದಲ ಮಾತು ಗುರುವಿನದು ಎಂಬುದು ನನ್ನ ಸಿದ್ಧಾಂತ. ಅದು ಅವನ ಔದಾರ್ಯವಲ್ಲ, ಋಣ. ಬಲ್ಲವನಿಗೂ ಅರಿಯದವನಿಗೂ ನಡುವೆ ಇರುವ ದೂರವನ್ನು ಕಾಣಬಲ್ಲವನು ಬಲ್ಲವನೊಬ್ಬನೇ. ಕಾಣುವವನೇ ಮೊದಲು ಹೆಜ್ಜೆಯಿಡಬೇಕು.

ಆದರೆ ಮೊದಲು ಮಾತನಾಡಿದ ಮಾತ್ರಕ್ಕೆ ಧರ್ಮವು ಪೂರೈಸದು. ಆಡುವ ಮಾತು ಎಂಥದಿರಬೇಕೆಂಬುದೂ ವಿಚಾರಣೀಯ. ಕನಿಕರವುಳ್ಳ ಅಧ್ಯಾಪಕನು ಸಾಮಾನ್ಯವಾಗಿ ಇನ್ನೊಂದು ಹಳ್ಳಕ್ಕೆ ಬೀಳುವನು. ಬಡ ವಿದ್ಯಾರ್ಥಿಯ ಕೆಲಸದಲ್ಲಿ ತಪ್ಪುಗಳಿದ್ದರೂ, ಹೇಳಿದರೆ ನೊಂದುಕೊಳ್ಳುವನೆಂದು “ಚೆನ್ನಾಗಿದೆ” ಎಂದುಬಿಡುವನು. ಇದು ದಯೆಯ ವೇಷದ ಅವಮಾನ. ನಿನ್ನಿಂದ ಇಷ್ಟೇ ಸಾಧ್ಯವೆಂದು ಹೇಳಿದಂತೆಯೇ ಸರಿ. ಹಾಗಾದರೆ ತಪ್ಪನ್ನು ನೇರವಾಗಿ ಹೇಳಿಬಿಟ್ಟರೆ ಸಾಕೆ? ಅದೂ ಸಾಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೋಹೆನ್, ಸ್ಟೀಲ್, ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇಲ್ಲಿ ನೆನೆಯತಕ್ಕುದು. ಕರಿಯರೂ ಬಿಳಿಯರೂ ಆದ ವಿದ್ಯಾರ್ಥಿಗಳಿಂದ ಬರೆವಣಿಗೆಯನ್ನು ಪಡೆದು, ಅದರ ಮೇಲೆ ಕಠಿನವಾದ ವಿಮರ್ಶೆಯನ್ನು ಕೊಟ್ಟರು. ಬರಿಯ ವಿಮರ್ಶೆಯನ್ನು ಪಡೆದ ಕರಿಯ ವಿದ್ಯಾರ್ಥಿಗಳು ಅದನ್ನು ತಮ್ಮ ಬಣ್ಣದ ಮೇಲಣ ಅಸಡ್ಡೆಯೆಂದು ಶಂಕಿಸಿದರು, ತಿದ್ದುವ ಉತ್ಸಾಹವನ್ನು ಕಳೆದುಕೊಂಡರು. ಅದೇ ವಿಮರ್ಶೆಯೊಡನೆ ಎರಡು ಮಾತುಗಳನ್ನು ಸೇರಿಸಿ ಕೊಟ್ಟಾಗ ಶಂಕೆಯು ಇಳಿಯಿತು, ಉತ್ಸಾಹವು ಮರಳಿತು. ಆ ಎರಡು ಮಾತುಗಳಾವುವೆಂದರೆ, ಇಲ್ಲಿ ಅಳೆಯುವ ಕೋಲು ಎತ್ತರದ್ದು ಎಂಬುದೊಂದು. ನೀನು ಅದನ್ನು ಮುಟ್ಟಬಲ್ಲೆ ಎಂಬುದು ಮತ್ತೊಂದು. ಬರಿಯ ಹೊಗಳಿಕೆಯಿಂದ ಈ ಫಲವು ಅಷ್ಟಾಗಿ ದೊರೆಯಲಿಲ್ಲ. ಸತ್ಯವನ್ನು ಹೇಳಬೇಕು, ಪ್ರಿಯವಾಗಿ ಹೇಳಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದುದರ ತಿರುಳು ಇದೇ ಇರಬೇಕು. ಪ್ರಿಯವೆಂದರೆ ಮೆತ್ತಗಿನ ಮಾತಲ್ಲ. ಕೇಳುವವನಲ್ಲಿ ನಂಬಿಕೆಯಿಟ್ಟು ಆಡಿದ ಮಾತು.

ಇನ್ನು ಮೂರನೆಯ ಅಂಶ. ಗುರುವು ಹೇಳುವವನಾದಂತೆಯೇ ಕೇಳಿಸಿಕೊಳ್ಳುವವನೂ ಆಗಬೇಕು. ಕಾಡಿನ ಮನೆಯಿಂದ ಬಂದ ವಿದ್ಯಾರ್ಥಿಯು ಬರಿಗೈಯಲ್ಲಿ ಬಂದಿರುವನೆಂಬ ಭಾವನೆಯು ನಮ್ಮಲ್ಲಿ ಬಲವಾಗಿದೆ. ಇದಕ್ಕೆ ನಮ್ಮ ಜಿಲ್ಲೆಯ ಬಿದಿರೇ ಉತ್ತರ ಹೇಳಿದೆ. ದಾಂಡೇಲಿಯ ಕಾಗದದ ಕಾರಖಾನೆಗೆ ಬಿದಿರು ಒದಗುತ್ತಿದ್ದ ಕಾಡುಗಳಲ್ಲಿ ಅದು ಕ್ಷೀಣಿಸುತ್ತಿರಲು, ೧೯೭೫ರಲ್ಲಿ ಕರ್ನಾಟಕ ಸರಕಾರದ ಕೋರಿಕೆಯ ಮೇರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಅದರ ಪರಿಶೀಲನೆಗೆ ಕೈಹಾಕಿದರು. ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳಿನ ಹೊದಿಕೆಯನ್ನು ಸವರಿ ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುವುದೆಂಬುದು ಆಗಿನ ಅರಣ್ಯಶಾಸ್ತ್ರದ ತಿಳಿವಳಿಕೆ; ಅಂತೆಯೇ ಸವರುತ್ತಿದ್ದರು. ಹಳ್ಳಿಗರು, “ಮುಳ್ಳು ತೆಗೆದರೆ ಕಳಲೆಯನ್ನು ದನ, ಮಂಗ ತಿಂದುಬಿಡುತ್ತವೆ, ಮೆಳೆ ಉಳಿಯುವುದಿಲ್ಲ” ಎಂದರು. ಗಾಡ್ಗೀಳರೂ ಅವರ ಶಿಷ್ಯರಾದ ನರೇಂದ್ರ ಪ್ರಸಾದರೂ ಮೆಳೆಗಳನ್ನು ಎಣಿಸಿ, ಅಳೆದು ನೋಡಿದರು. ಹಳ್ಳಿಗರ ಮಾತೇ ದಿಟವಾಯಿತು. ಇಲ್ಲಿ ವಿಜ್ಞಾನಿಯ ಹಿರಿಮೆಯು ಎರಡು ಬಗೆಯದು: ಓದು ಬಾರದವರ ಮಾತನ್ನು ಕೇಳಿದುದೊಂದು, ಕೇಳಿದುದನ್ನು ಹಾಗೆಯೇ ನಂಬಿಬಿಡದೆ ಅಳತೆಗೆ ಒಡ್ಡಿದುದು ಇನ್ನೊಂದು. ಗೌರವವೂ ಪರೀಕ್ಷೆಯೂ ಒಟ್ಟಿಗೆ ನಡೆಯಬಲ್ಲುವು.

ಅಂಥ ಹಳ್ಳಿಗರ ಮಕ್ಕಳೇ ಇಂದು ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿರುವರು. ಯಾವ ಮರವು ಯಾವ ತಿಂಗಳಲ್ಲಿ ಬೀಜವುದುರಿಸುವುದು, ಯಾವ ಹಳ್ಳದ ಮೀನು ಮಳೆಗೆ ಮೊದಲು ಮೇಲೇರುವುದು, ಇವನ್ನು ಅವರು ಬಲ್ಲರು. ಇದು ವಿಜ್ಞಾನದ ಮೊದಲ ಪಾಠವೆಂಬುದನ್ನು ಬಲ್ಲರೆ? ಅದನ್ನು ಅವರಿಗೆ ಯಾರೂ ಹೇಳಿಲ್ಲ. ಸಸ್ಯಶಾಸ್ತ್ರದ ಅಧ್ಯಾಪಕರು ಒಂದು ದಿನ, “ನಿಮ್ಮ ಮನೆಯ ಹಿಂದಿನ ಕಾಡಿನಲ್ಲಿ ಈ ಗಿಡಕ್ಕೆ ಏನೆನ್ನುತ್ತೀರಿ? ಯಾವಾಗ ಹೂ ಬಿಡುತ್ತದೆ?” ಎಂದು ಕೇಳಿದರೆನ್ನಿ. ಆ ಒಂದು ಪ್ರಶ್ನೆಯಿಂದ ಮನೆಯಲ್ಲಿ ಕಲಿತುದಕ್ಕೂ ಶಾಲೆಯಲ್ಲಿ ಕಲಿಯುವುದಕ್ಕೂ ನಡುವಣ ಗೋಡೆಯು ಬೀಳುವುದು. ಒಮ್ಮೆ ಉತ್ತರ ಹೇಳಿದ ಬಾಯಿಗೆ ಮರುದಿನ ಪ್ರಶ್ನೆ ಕೇಳುವ ಧೈರ್ಯವೂ ಬರುವುದು.

ಇಷ್ಟೂ ಅಧ್ಯಾಪಕರಿಗೆ ಹೇಳಿದ ಮಾತಾಯಿತು. ಉಳಿದ ಗೃಹಸ್ಥರಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಉಪಕೋಸಲನ ಕಥೆಯಲ್ಲಿ ಮೂರನೆಯ ವ್ಯಕ್ತಿಯೊಬ್ಬಳಿದ್ದಳೆಂಬುದನ್ನು ಮರೆಯಬಾರದು. ಆಚಾರ್ಯಪತ್ನಿಯು ವಿದ್ಯೆಯನ್ನು ಕೊಡುವವಳಲ್ಲ, ಕೊಳ್ಳುವವಳೂ ಅಲ್ಲ. ಆದರೂ ಆ ಮನೆಯಲ್ಲಿ ಮೌನವನ್ನು ಮೌನವೆಂದು ಗುರುತಿಸಿದವಳು ಅವಳೊಬ್ಬಳೇ. ಗುರುವಿಗೆ, ಹೇಳಿ ಎಂದಳು. ಶಿಷ್ಯನಿಗೆ, ಏಕೆ ಉಣ್ಣಲೊಲ್ಲೆ ಎಂದಳು. ನಮ್ಮ ಮೂರು ತಾಲೂಕುಗಳ ವಿದ್ಯಾವಂತ ಮನೆಗಳಿಗೆ ಒದಗುವ ಸ್ಥಾನವು ಇದೇ. ನಮ್ಮ ತೋಟಕ್ಕೆ ಬರುವವರ ಮಗಳು ಹತ್ತನೆಯ ತರಗತಿಯನ್ನು ಮುಗಿಸಿದಾಗ, ಅಂಕಗಳೆಷ್ಟೆಂದು ಕೇಳಿ ಮಿಠಾಯಿ ಕೊಟ್ಟು ಕಳುಹಿಸುವುದರಲ್ಲಿ ನಮ್ಮ ಸೌಜನ್ಯವು ಮುಗಿಯುವುದು. ಮುಂದೇನು ಓದಬೇಕೆಂದಿರುವೆ, ಅರ್ಜಿಯ ಕಡೆಯ ದಿನ ಯಾವುದು, ಊರಿಗೆ ಬಂದಿರುವ ನಮ್ಮ ತಮ್ಮನೊಡನೆ ಒಂದು ಗಳಿಗೆ ಮಾತನಾಡು ಬಾ ಎಂದು ಅದೇ ಜಗಲಿಯಲ್ಲಿ ಕುಳ್ಳಿರಿಸಿ ಹೇಳುವುದಕ್ಕೆ ಹಣದ ವೆಚ್ಚವಿಲ್ಲ. ನಮ್ಮ ಮಕ್ಕಳಿಗೆ ಪಂಕ್ತಿಯಲ್ಲಿ ಬಡಿಸಿದ ಮಾತನ್ನೇ ಇನ್ನೊಂದು ಎಲೆಗೂ ಬಡಿಸುವುದು, ಅಷ್ಟೆ.

ಅಂಥ ಮಾತಿನಿಂದ ಪ್ರತಿಯೊಬ್ಬರೂ ವಿಜ್ಞಾನಿಗಳಾಗುವರೆಂದು ನಾನು ಹೇಳುವುದಿಲ್ಲ. ಓದುವ ಶ್ರಮವು ಅವರದು, ಸೋಲುಗೆಲವುಗಳೂ ಅವರವು. ಆದರೆ ಬಾಗಿಲು ಎಲ್ಲಿದೆಯೆಂದು ತಿಳಿದು ಸೋಲುವುದಕ್ಕೂ, ಬಾಗಿಲೆಂಬುದು ಇದ್ದಿತೆಂಬುದನ್ನೇ ತಿಳಿಯದೆ ಹಿಂದಿರುಗುವುದಕ್ಕೂ ಬಹಳ ಅಂತರವಿದೆ. ಮೊದಲನೆಯದಕ್ಕೆ ವಿಧಿಯೋ ವಿದ್ಯಾರ್ಥಿಯೋ ಕಾರಣನಾಗಬಹುದು. ಎರಡನೆಯದಕ್ಕೆ ಕಾರಣರು, ಬಲ್ಲವರಾಗಿಯೂ ಸುಮ್ಮನಿದ್ದವರು.